ಹಸಿರು ರವಿಕೆ ಕಣ

ಗೌರಿ ಹಬ್ಬ ಹತ್ತಿರವಾದಾಗ ನಮ್ಮ ಬೀದಿ ತುದಿಯ ಜವಳಿ ಅಂಗಡಿಗೆ ಹೋಗಿ ಒಂದು ಹಸಿರು ರವಿಕೆ ಕಣ ಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಮೊನ್ನೆಯೂ ಹೋದೆ. ಗಲ್ಲಾದ ಮೇಲೆ ಹೊಸಬರು ಕೂತಿದ್ದರು, ಹಳೆಯ ಮಾಲೀಕರ ಅಳಿಯನಂತೆ. ಥಾನನ್ನು ಎಳೆದು ಹಲಗೆಯ ಮೇಲೆ ಪಟಪಟನೆ ಬಿಚ್ಚಿದರು. ಹೊಸ ಬಟ್ಟೆಯ ಗಂಜಿ ವಾಸನೆ ಮುಖಕ್ಕೆ ಬಂತು. ಆ ವಾಸನೆ ನಿಮಗೂ ಗೊತ್ತಿರುತ್ತದೆ, ಹಬ್ಬದ ವಾಸನೆ ಅದು. ನನಗೆ ಮಾತ್ರ ಅದರ ಹಿಂದೆಯೇ ಫಿನಾಯಿಲ್ ವಾಸನೆಯೂ ಬರುತ್ತದೆ. ಬಟ್ಟೆಗೆ ಫಿನಾಯಿಲ್ ಎಲ್ಲಿಂದ ಬರಬೇಕು ಎಂದು ನೀವು ನಗಬಹುದು, ನನಗೇನೂ ಬೇಸರವಿಲ್ಲ.

“ಯಾರಿಗಮ್ಮ ಇದು? ಮಗಳಿಗಾ, ಸೊಸೆಗಾ?” ಎಂದು ಅವರು ಕೇಳಿದರು.

ನನಗೆ ಮದುವೆಯಾಗಿಲ್ಲವೆಂದು ಇಡೀ ಬೀದಿಗೆ ಗೊತ್ತು, ಪಾಪ ಅವರಿಗೆ ಗೊತ್ತಿಲ್ಲ. ಅವರ ಮಾವ ಕೇಳುತ್ತಿದ್ದಾಗ “ಗೊತ್ತಿರೋರಿಗೆ” ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ಮೊನ್ನೆ ಅದನ್ನೇ ಹೇಳಲು ಬಾಯಿ ತೆರೆದವಳು ಯಾಕೋ ಹಾಗೆಯೇ ನಿಂತುಬಿಟ್ಟೆ. ಅವರು ಕತ್ತರಿ ಹಿಡಿದು ಕಾಯುತ್ತಿದ್ದರು. ಕಾಯಲಿ. ಅಷ್ಟರಲ್ಲಿ ನಿಮಗೆ ವಿಷಯ ಹೇಳಿಬಿಡುತ್ತೇನೆ.

ಆಗ ಇನ್ನೂ ಮಹಾರಾಜರ ಸರ್ಕಾರ. ಎಲ್ಲೋ ಯುದ್ಧ ನಡೆಯುತ್ತಿತ್ತು. ಅದರಿಂದ ನಮ್ಮ ಪಾಲಿಗೆ ಬಂದದ್ದು ಸೀಮೆಎಣ್ಣೆಯ ತಾಪತ್ರಯ ಮತ್ತು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುವ ಬಸ್ಸು. ಮೈಸೂರಿನಲ್ಲಿ ನಾನು ನರ್ಸು ತರಬೇತಿ ಮುಗಿಸುವ ಹೊತ್ತಿಗೆ ನಮ್ಮಣ್ಣನಿಗೆ ಮಧುಗಿರಿಯ ಮಿಡ್ಲ್ ಸ್ಕೂಲಿಗೆ ವರ್ಗವಾಗಿತ್ತು. ಅಪ್ಪ ತೀರಿಹೋಗಿದ್ದರು. ಅಣ್ಣ ಹೋದಲ್ಲಿಗೆ ಅಮ್ಮ, ಅಮ್ಮ ಹೋದಲ್ಲಿಗೆ ನಾನು. ಏರು ಸಿಕ್ಕಿದಲ್ಲೆಲ್ಲ ಬಸ್ಸು ನಿಂತುಬಿಡುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದರು. ನಾನೂ ಇಳಿದು ತಳ್ಳಿದೆ. ಅಮ್ಮ ಒಳಗಿನಿಂದಲೇ ಹಣೆ ಚಚ್ಚಿಕೊಂಡರು. ಮಧುಗಿರಿಯಲ್ಲಿ ಇಳಿದಾಗ ನನ್ನ ಮುಖವೆಲ್ಲ ಮಸಿ. ತಲೆಯೆತ್ತಿ ಆ ಒಂಟಿಬಂಡೆಯ ಬೆಟ್ಟವನ್ನು ನೋಡಿದೆ. ಈ ಊರಿಗೆ ಒಬ್ಬಳು ನರ್ಸು ಬಂದಿದ್ದಾಳೆಂದು ಗೊತ್ತಾದರೆ ಸಾಕು, ಸಾಯಂಕಾಲದೊಳಗೆ ಯಾರಾದರೂ ಮನೆಬಾಗಿಲಿಗೇ ಕೆಲಸ ತಂದು ಕೊಡುತ್ತಾರೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಆ ವಯಸ್ಸೇ ಹಾಗೆ, ನಿಮಗೂ ಒಂದು ಕಾಲಕ್ಕೆ ಇದ್ದಿರಬೇಕು.

ಯಾರೂ ಬರಲಿಲ್ಲ. ಮಧುಗಿರಿಯಲ್ಲೇ ಕೇಳು ಎಂದರೆ ಅಣ್ಣನಿಗೆ ಸಂಕೋಚ. ಹೊಸದಾಗಿ ಬಂದ ಮೇಷ್ಟ್ರು, ಬಂದೊಡನೆ ತಂಗಿಗೆ ಕೆಲಸ ಕೇಳಿದರೆಂದು ಊರವರು ಆಡಿಕೊಳ್ಳುತ್ತಾರಂತೆ. ಹಾಗಾಗಿ ಊರಲ್ಲಿದ್ದ ಆಸ್ಪತ್ರೆಯನ್ನು ಬಿಟ್ಟು, ರಜೆ ಬಂದಾಗಲೆಲ್ಲ ನನ್ನನ್ನು ಕರೆದುಕೊಂಡು ಸುತ್ತಮುತ್ತಲ ಊರುಗಳನ್ನು ಸುತ್ತಿದ. ಶಿರಾದ ಡಾಕ್ಟರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಮೆಚ್ಚಿ ವಾಪಸ್ಸು ಕೊಟ್ಟರು. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತರು ಮಾರುವ ಮುದುಕರೊಬ್ಬರು ನನ್ನ ಮುಖ ನೋಡಿ, “ಫಿಕರ್ ಮಾಡ್ಬೇಡ ಬೇಟಿ, ನೌಕ್ರಿ ಸಿಕ್ತದೆ” ಎಂದು ಹತ್ತಿಯಲ್ಲಿ ಒಂದು ಚೂರು ಅತ್ತರು ಅದ್ದಿ ಕೊಟ್ಟರು. ಕೊರಟಗೆರೆಯಲ್ಲಿ ಕಾಂಪೌಂಡರು, ನಮ್ಮ ಹೆಂಗಸರು ಔಷಧದ ಸೀಸೆ ಹಿಡಿದು ಬಾಗಿಲವರೆಗೆ ಬರುತ್ತಾರೆ, ಒಳಗೆ ಕಾಲಿಡುವುದಿಲ್ಲ ಎಂದರು. ಪಾವಗಡದಲ್ಲಿ ಡಾಕ್ಟರೇ ಊರಲ್ಲಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದೆಲ್ಲ ಇರ್ಲಿ ಕಣಮ್ಮ, ಪೆಳ್ಳಿ ಆಯ್ತಾ ಲೇದಾ?” ಎಂದು ಕೇಳಿದರು. ಬಸ್ಸು ಬರುವವರೆಗೆ ನನ್ನ ಮದುವೆಯ ಚಿಂತೆ ಅವರದು, ಕೆಲಸದ ಚಿಂತೆ ನನ್ನದು.

ಮದುವೆಯ ಚಿಂತೆ ಇನ್ನೊಬ್ಬರಿಗೂ ಇತ್ತು, ಮೈಸೂರಿನ ಸೋದರಮಾವನಿಗೆ. ಹೆಂಡತಿ ಸತ್ತು ಎರಡನೆಯ ಸಂಬಂಧ ಹುಡುಕುತ್ತಿದ್ದ ಗುಮಾಸ್ತರೊಬ್ಬರನ್ನು ಅವರು ನನಗಾಗಿ ನೋಡಿಟ್ಟಿದ್ದರು. “ಕೆಲಸ ಸಿಕ್ಕರೆ ಸರಿ, ದೀಪಾವಳಿವರೆಗೂ ಸಿಗದಿದ್ದರೆ ನಾನು ಹೇಳಿದ ಹಾಗೆ ಕೇಳಬೇಕು” ಎಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದರು. ಗುಮಾಸ್ತರು ಒಳ್ಳೆಯವರೇ ಇರಬಹುದು. ನನಗೆ ಬೇಕಾಗಿದ್ದದ್ದು ಕೆಲಸ.

ಕೊನೆಗೆ ಒಂದು ದಿನ ಅಣ್ಣನನ್ನು ಕೇಳದೆ ನಾನೇ ಮಧುಗಿರಿಯ ಆಸ್ಪತ್ರೆಗೆ ನಡೆದುಬಿಟ್ಟೆ. ಅಲ್ಲಿನ ಡಾಕ್ಟರು ಸಣಕಲು ಮನುಷ್ಯ, ಮೂಗಿನ ತುದಿಯಲ್ಲಿ ಕೋಪ, ಬೆರಳ ತುದಿಯಲ್ಲಿ ನಶ್ಯ. ಸರ್ಟಿಫಿಕೇಟು ನೋಡಿದವರೇ ಎದ್ದು, ಒಂದು ಬೀಗದ ಕೈ ತೆಗೆದುಕೊಂಡು ಹಿತ್ತಲ ಕಡೆ ಹೊರಟರು. ಅಲ್ಲಿ ಹೊಸದಾಗಿ ಕಟ್ಟಿದ ಒಂದು ಕೋಣೆ. ಬಾಗಿಲ ಮೇಲೆ ಕಲ್ಲಿನಲ್ಲಿ ಅಕ್ಷರ ಕೊರೆದಿತ್ತು: ಊರಿನ ಮಂಡಿ ಸಾಹುಕಾರರು ತಮ್ಮ ದಿವಂಗತ ಪತ್ನಿಯ ನೆನಪಿಗೆ ಕಟ್ಟಿಸಿದ ಹೆರಿಗೆ ವಾರ್ಡು. ಒಳಗೆ ಎರಡು ಕಬ್ಬಿಣದ ಮಂಚ, ಕನ್ನಡಿಯಂಥ ಸಿಮೆಂಟು ನೆಲ, ಮೂಲೆಯಲ್ಲಿ ಜೇಡರ ಬಲೆ.

“ಕಟ್ಟಿ ವರ್ಷದ ಮೇಲಾಯ್ತು. ಒಬ್ಬಳೂ ಬಂದು ಮಲಗಿಲ್ಲ” ಎಂದರು ಡಾಕ್ಟರು. “ದೀಪಾವಳಿವರೆಗೆ ಹಂಗಾಮಿಯಾಗಿ ನಿಮ್ಮನ್ನ ಇಟ್ಕೋಬಹುದು. ಅಷ್ಟರಲ್ಲಿ ಇಲ್ಲೊಂದು ಹೆರಿಗೆ ಆದ್ರೆ, ಕೆಲಸ ಕಾಯಂ ಮಾಡಿ ಅಂತ ಮೇಲಿನವರಿಗೆ ಬರೆಯೋಕೆ ನನಗೂ ಬಾಯಿರುತ್ತೆ. ಆಗದಿದ್ರೆ ನೀವು ನಿಮ್ಮನೆಗೆ, ಬೀಗ ಈ ಬಾಗಿಲಿಗೆ.”

ಬೀಗದ ಕೈ ನನ್ನ ಅಂಗೈಗೆ ಬಂತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಓಡಿದೆ. ಓಡಿದೆ ಎಂದರೆ ಓಡಿಯೇ ಹೋದೆ, ದಾರಿಯಲ್ಲಿ ಅಣ್ಣನ ಹೆಡ್ಮಾಸ್ಟರು ಎದುರಾದರೂ ನಿಲ್ಲಲಿಲ್ಲ. ಒಂದು ಹೆರಿಗೆ ತಾನೇ? ಊರಲ್ಲಿ ಹೆಂಗಸರಿಲ್ಲವೇ, ಅವರಿಗೆ ಮಕ್ಕಳಾಗುವುದಿಲ್ಲವೇ? ಮರುದಿನ ಬೆಳಿಗ್ಗೆ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು, ಏಪ್ರನ್ ಕಟ್ಟಿ, ಇಡೀ ಕೋಣೆಯನ್ನು ಫಿನಾಯಿಲ್ ಹಾಕಿ ತಿಕ್ಕಿದೆ. ಮಂಚಗಳ ಮೇಲೆ ಬಿಳಿ ದುಪ್ಪಟಿ ಹಾಸಿದೆ. ನನ್ನ ಕೆಲಸ, ನನ್ನ ವಾರ್ಡು ಎಂದು ಮಂಚದ ಮೇಲೆ ಕೂತು ಒಬ್ಬಳೇ ನಕ್ಕೆ.

ಹೆಂಗಸರು ಬಂದರು. ಕಿಟಕಿಯವರೆಗೆ ಬಂದರು. “ಎಷ್ಟು ಬೆಳ್ಗೈತೆ ನೋಡೇ” ಎಂದು ಹಾಸಿಗೆಯನ್ನು ಹೊಗಳಿ, ನನ್ನನ್ನೂ ಒಂದಿಷ್ಟು ಹೊಗಳಿ, ಸೆರಗು ಸರಿಮಾಡಿಕೊಂಡು ಹೋದರು. ವಾರಗಳು ಕಳೆದವು. ಅವರಾಗಿ ಬರದಿದ್ದರೆ ನಾನೇ ಹಳ್ಳಿಗಳಿಗೆ ಹೋಗಿ ಕರೆಯುತ್ತೇನೆ ಎಂದು ಹೊರಟೆ. ಡಾಕ್ಟರು ನಶ್ಯ ಏರಿಸಿ, ಹೋಗಿ ಎಂದರು. ಅಡ್ಡ ಬಂದದ್ದು ಅಮ್ಮ.

“ಈ ಬಿಳಿ ಸೀರೇಲಿ ಬಸುರಿ ಇರೋ ಮನೆಗೆ ಹೋಗ್ತೀಯಾ? ಯಾರು ಹೊಸ್ತಿಲು ದಾಟೋಕೆ ಬಿಡ್ತಾರೆ ನಿನ್ನ?”

ಯೂನಿಫಾರಂ ಬಿಡುವುದಿಲ್ಲವೆಂದು ನಾನು ಹಟ ಮಾಡಿದೆ. ಅಮ್ಮ ನನ್ನ ಚೀಲದಲ್ಲಿ ಒಂದು ಕಡೆ ನನ್ನ ಸಾಮಾನು ಹಾಗೆಯೇ ಇರಲು ಬಿಟ್ಟು, ಇನ್ನೊಂದು ಕಡೆ ಅರಿಸಿನ, ಕುಂಕುಮ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಹಸಿರು ರವಿಕೆ ಕಣ ಇಟ್ಟರು. ಬಸುರಿಯ ಮುಂದೆ ಹೋದ ತಕ್ಷಣ ಇದನ್ನು ಕೊಟ್ಟುಬಿಡು, ಬಿಳಿಯ ದೋಷ ಕಳೆಯುತ್ತದೆ ಎಂದರು. ವಾರ್ಡಿನಲ್ಲಿ ಕಲಿಸದ ಪಾಠ ಇದೆಲ್ಲಿಂದ ಬಂತು ಎಂದು ಗೊಣಗುತ್ತ ಮಿಡಿಗೇಶಿ ಬಸ್ಸು ಹತ್ತಿದೆ.

ಮಿಡಿಗೇಶಿಯಿಂದ ಸ್ವಲ್ಪ ನಡೆದರೆ ಒಂದು ಹಳ್ಳಿ. ಅಲ್ಲಿ ಸಿದ್ದಮ್ಮ ಎಂಬ ಗಟ್ಟಿಗಿತ್ತಿಯ ಮನೆ. ಅವರ ಸೊಸೆ ರಂಗಮ್ಮ ಚೊಚ್ಚಲ ಬಸುರಿ, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಬಾಗಿಲಲ್ಲಿ ನನ್ನ ಬಿಳಿ ಸೀರೆ ಕಂಡು ಸಿದ್ದಮ್ಮನ ಮುಖ ಗಂಟಿಕ್ಕಿತು. ನಾನು ಗಾಬರಿಯಿಂದ ಚೀಲ ಬಿಚ್ಚಿ, ಹುಡುಗಿಯ ಹಣೆಗೆ ಕುಂಕುಮ ಇಟ್ಟು, ಕಣ ಕಾಯಿ ಎಲ್ಲವನ್ನೂ ಅವಳ ಸೆರಗಿಗೆ ಹಾಕಿದೆ. ಮನೆಯವರೆಲ್ಲ ನನ್ನನ್ನೇ ನೋಡತೊಡಗಿದರು. ಒಳ್ಳೆಯ ಸಮಯವೆಂದು ನಾನು ಬರುವ ದಾರಿಯಲ್ಲೆಲ್ಲ ಬಾಯಿಪಾಠ ಮಾಡಿದ್ದ ಭಾಷಣ ಒಪ್ಪಿಸಿದೆ. ಹೆರಿಗೆಗೆ ನಮ್ಮಲ್ಲಿಗೆ ಬಾ, ನಾನಿದ್ದೇನೆ, ತಾಯಿ ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತೇನೆ.

ಸಿದ್ದಮ್ಮ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. “ನೋಡವ್ವ, ಈ ಮಗೀಗೆ ತಾಯಿಲ್ಲ. ಅಪ್ಪ ಕೋಲಾರದ ಗಣಿಗೋಗಿ ಅಲ್ಲೇ ಇನ್ನೊಂದು ಸಂಸಾರ ಮಾಡ್ಕಂಡ. ಮೊದಲ್ನೇದು ಅತ್ತೆ ಮನೇಲಿ ಹೆರಬಾರ್ದು ಅಂತಾರೆ, ಹೆಂಗಪ್ಪ ಅಂತ ನಂಗೆ ಅನ್ನ ಸೇರ್ತಿರ್ಲಿಲ್ಲ. ನಿಜ ಹೇಳ್ತಿದೀಯಾ?”

“ನಿಜವಾಗಿ” ಎಂದೆ. ನಿಜವೇ ಅಲ್ಲವೇ? ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಸೀಟು ಸಿಗದಿದ್ದರೂ ಕಾಲು ನೆಲದ ಮೇಲಿರಲಿಲ್ಲ.

ಶ್ರಾವಣದ ಒಂದು ಸೋಮವಾರ ನಮ್ಮ ಮನೆಯ ಮುಂದೆ ಎತ್ತಿನ ಗಾಡಿ ನಿಂತಿತು. ಆಸ್ಪತ್ರೆಯ ಮುಂದೆ ಅಲ್ಲ, ಮನೆಯ ಮುಂದೆ. ಗಾಡಿಯಿಂದ ಮೊದಲು ರಾಗಿ ಚೀಲ ಇಳಿಯಿತು, ಆಮೇಲೆ ತುಪ್ಪದ ಗಡಿಗೆ, ಒಂದು ಹೊರೆ ಸೌದೆ, ಕೊನೆಗೆ ಹಸಿರು ರವಿಕೆ ತೊಟ್ಟ ರಂಗಮ್ಮ. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು.

“ಕರ್ಕಂಬಂದ್ಬುಟ್ಟೆ ಕಣವ್ವ” ಎಂದರು ಸಿದ್ದಮ್ಮ. “ನೀವು ಕೋಳಿ ಗೀಳಿ ತಿನ್ನಾಕಿಲ್ಲ ಅಂದ್ರು, ಅದ್ಕೆ ತುಪ್ಪ ತಂದೆ. ತಗಾ, ನಿನ್ ಮಗ್ಳು. ಬಾಣಂತನ ಮುಗುಸ್ಕಂಡು ಕಳ್ಸು.”

ನನಗೆ ಆಗ ಹೊಳೆಯಿತು. ಆ ಕಡೆ ತವರಿನವರು ಬಂದು, ಬಸುರಿಗೆ ಹಸಿರು ಕಣ ಕೊಟ್ಟು, ಸೆರಗಿಗೆ ಕಾಯಿ ಹಾಕಿ ಕರೆದರೆ ಅದೇ ಬಾಣಂತನದ ಕರೆ. ನಾನು ಆಸ್ಪತ್ರೆಗೆ ರೋಗಿಯನ್ನು ಸೇರಿಸಿ ಬಂದೆನೆಂದು ಹಿಗ್ಗಿದ್ದೆ. ಅಲ್ಲಿ ನೋಡಿದರೆ ಒಬ್ಬಳು ಹೆಣ್ಣುಮಗಳಿಗೆ ತಾಯಿಯಾಗಿ ಬಂದಿದ್ದೆ. ಮದುವೆಯಾಗದೆ, ಕೆಲಸ ಕಾಯಂ ಆಗದೆ, ನನಗೊಬ್ಬಳು ಬಸುರಿ ಮಗಳು. ತಪ್ಪು ತಿಳಿದಿದ್ದೀರಿ ಎಂದು ವಿವರಿಸಲು ಬಾಯಿ ತೆರೆದೆ. ಅಮ್ಮ ನನ್ನ ಕಾಲನ್ನು ಮೆಲ್ಲಗೆ ತುಳಿದು, “ಬಾ ಮಗು, ಬಲಗಾಲಿಟ್ಟು ಬಾ” ಎಂದು ರಂಗಮ್ಮನನ್ನು ಒಳಗೆ ಕರೆದುಕೊಂಡರು. ಚೀಲ ತುಂಬಿದ ದಿನವೇ ಅಮ್ಮನಿಗೆ ಇದು ಗೊತ್ತಿತ್ತೇ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅವರು ಪ್ರತಿ ಸಲವೂ ಒಲೆ ಊದಲು ಎದ್ದುಹೋಗುತ್ತಿದ್ದರು.

ರಂಗಮ್ಮ ಅಂಜುಬುರುಕಿಯೇನಲ್ಲ. ಎರಡೇ ದಿನಕ್ಕೆ ಮನೆಯವಳಾದಳು. ನನ್ನನ್ನು “ಅವ್ವ” ಎಂದಳು, ಅಮ್ಮನನ್ನು “ಅಜ್ಜಿ”, ಅಣ್ಣನನ್ನು “ಮಾವ”. ಸಂತೆಯ ದಿನ ಅವಳ ಗಂಡ ಕಡಲೇಕಾಯಿ ಗಂಟು ಹೊತ್ತು ಬರುತ್ತಿದ್ದ. ಪೊದೆಮೀಸೆಯ ಆ ಆಳು ಜಗಲಿಯಲ್ಲಿ ಕೂತು, ನನ್ನನ್ನು ಕಂಡೊಡನೆ ಟವೆಲು ತೆಗೆದು “ಚೆಂದಾಕಿದೀರಾ ಅತ್ತೆಮ್ಮಾ?” ಎಂದು ಕೇಳುತ್ತಿದ್ದ. ಅಣ್ಣ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಗು ತಡೆಯಲಾರದೆ ಅಲುಗಾಡುತ್ತಿದ್ದ. ಆ ವರ್ಷದ ಗೌರಿ ಹಬ್ಬಕ್ಕೆ ತವರಿನದೆಂದು ರಂಗಮ್ಮನಿಗೆ ಇನ್ನೊಂದು ಹಸಿರು ಕಣ ತಂದುಕೊಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ತನಗೆ ಹಬ್ಬಕ್ಕೆ ಯಾರೂ ಯಾವತ್ತೂ ಏನೂ ಕೊಟ್ಟಿರಲಿಲ್ಲ ಎಂದಳು.

ಆದರೆ ಕೆಲಸದ ಪ್ರಶ್ನೆ ಹಾಗೆಯೇ ಇತ್ತು. ಹೆರಿಗೆ ವಾರ್ಡಿನಲ್ಲಿ ಆಗಬೇಕು, ಮನೆಯಲ್ಲಾದರೆ ನನ್ನ ಕೆಲಸ ಹೋದಂತೆ. ಸೊಸೆಯನ್ನು ನೋಡಲು ಬಂದಿದ್ದ ಸಿದ್ದಮ್ಮನಿಗೆ ಹೇಳಿದೆ. ಅವರು ತಿರುಗಿಬಿದ್ದರು.

“ನಾನು ಕಳ್ಸಿದ್ದು ತವರಿಗೆ, ಆಸ್ಪತ್ರೆಗಲ್ಲ. ಅದ್ಯಾರೋ ಸತ್ತೋಳ ಹೆಸ್ರಲ್ಲಿ ಕಟ್ಸಿರೋ ಮನೆ. ಹಾಲು ಉಕ್ಸಿಲ್ಲ, ದೀಪ ಹಚ್ಚಿಲ್ಲ. ಅಲ್ಲೋಗಿ ಯಾರ್ ಹೆರ್ತಾರೆ? ಬ್ಯಾಡ ಬುಡು, ಗಾಡಿ ಹೂಡಿಸ್ತೀನಿ, ವಾಪಸ್ ಕರ್ಕಂಡೋಯ್ತೀನಿ.”

ಕಿಟಕಿಯವರೆಗೆ ಬಂದವರೆಲ್ಲ ಅಲ್ಲಿಂದಲೇ ಯಾಕೆ ಹಿಂತಿರುಗುತ್ತಿದ್ದರೆಂದು ನನಗೆ ಆಗ ಅರ್ಥವಾಯಿತು. ಗುಮಾಸ್ತರು ಕಣ್ಮುಂದೆ ಬಂದು ನಿಂತರು. ಅಷ್ಟರಲ್ಲಿ ಅಮ್ಮ ನನ್ನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡರು.

“ಹಾಲು ತಾನೇ ಸಿದ್ದಮ್ಮ, ಉಕ್ಕಿಸೋಣ ಬನ್ನಿ. ನಾನೂ ಇವಳೂ ರಂಗಮ್ಮನ ಜೊತೆ ಅಲ್ಲೇ ಇರ್ತೀವಿ. ತಾಯಿ ಎಲ್ಲಿರ್ತಾಳೋ ಅದೇ ತವರು.”

ಅಂದೇ ವಾರ್ಡಿನ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆವು. ಹೊಸ್ತಿಲಿಗೆ ಅರಿಸಿನ, ಮುಂದೆ ರಂಗೋಲಿ. ಸಾಹುಕಾರರ ಹೆಂಡತಿಯ ಹೆಸರಿನ ಕಲ್ಲಿಗೂ ಅಮ್ಮ ಒಂದು ಬೊಟ್ಟು ಕುಂಕುಮ ಇಟ್ಟು, “ನೀನೂ ನೋಡಿಕೊಳ್ಳಮ್ಮ” ಎಂದರು. ಕೋಣೆಯ ನಡುವೆ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದಾಗ ಹೊಗೆ ಕಂಡು ಡಾಕ್ಟರು ಓಡಿಬಂದರು.

“ಏನಿದು? ಇದು ಆಸ್ಪತ್ರೆಯೋ, ಛತ್ರವೋ? ನಿಮಗೆ ತರಬೇತಿ ಕೊಟ್ಟೋರು ಇದನ್ನೇ ಹೇಳಿಕೊಟ್ರಾ?”

ಅದೇ ಕ್ಷಣಕ್ಕೆ ಹಾಲು ಉಕ್ಕಿ ಸಿಮೆಂಟು ನೆಲದ ಮೇಲೆ ಹರಿಯಿತು. ಸಿದ್ದಮ್ಮ ಕೈಮುಗಿದರು. ಅಮ್ಮ ಒಂದು ಲೋಟಕ್ಕೆ ಹಾಲು ಬಗ್ಗಿಸಿ ಸಕ್ಕರೆ ಹಾಕಿ ಡಾಕ್ಟರ ಕೈಗೆ ಕೊಟ್ಟು, “ಒಲೆ ಈಗಲೇ ಹೊರಗೆ ಹಾಕ್ತೀವಿ, ಕುಡೀರಿ, ಮನೆಯ ಮೊದಲ ಹಾಲು” ಎಂದರು. ಡಾಕ್ಟರು ಲೋಟವನ್ನು ನೋಡಿದರು, ಮಂಚದ ಮೇಲೆ ಹೊಟ್ಟೆ ಹೊತ್ತು ಕೂತಿದ್ದ ರಂಗಮ್ಮನನ್ನು ನೋಡಿದರು. ಆ ಮಂಚದ ಮೇಲೆ ಒಬ್ಬ ಹೆಂಗಸು ಕೂತಿದ್ದನ್ನು ಅವರು ಕಂಡದ್ದು ಅದೇ ಮೊದಲು. ಹಾಲು ಕುಡಿದು, ನೆಲ ಒರೆಸಿ ಎಂದಷ್ಟೇ ಹೇಳಿ ಹೋದರು.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ, ಅಮ್ಮ ವಾರ್ಡಿನ ಮುಂದೆ ರಂಗೋಲಿ ಹಾಕುತ್ತಿದ್ದಾಗ ರಂಗಮ್ಮನಿಗೆ ನೋವು ಶುರುವಾಯಿತು. ಡಾಕ್ಟರು ತೋವಿನಕೆರೆ ಕಡೆಗೆ ಕಾಲರಾ ಸೂಜಿ ಹಾಕಲು ಕ್ಯಾಂಪು ಹೋಗಿದ್ದರು. ಹೆರಿಗೆ ಮಾಡಿಸಬಲ್ಲವಳೆಂದು ಇದ್ದವಳು ನಾನೊಬ್ಬಳೇ. ಭಯವಾಯಿತೇ ಎಂದು ಕೇಳಿದರೆ, ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಉತ್ಸಾಹ. ಕಲಿತದ್ದೆಲ್ಲ ಕೈಗೆ ತಾನಾಗಿಯೇ ಬರುತ್ತಿತ್ತು. ಬಿಸಿನೀರು, ಸೋಪು, ಕುದಿಸಿದ ಕತ್ತರಿ, ದಾರ. ರಂಗಮ್ಮ ನನ್ನ ತೋಳು ಹಿಡಿದು “ಅವ್ವಾ, ಎಲ್ಲೂ ಹೋಗ್ಬ್ಯಾಡ” ಎಂದಳು. “ನಾನೆಲ್ಲಿಗೆ ಹೋಗಲೇ, ಇದು ನಮ್ಮನೆ” ಎಂದೆ. ಹೇಳಿದ ಮೇಲೆ ನನ್ನ ಮಾತಿಗೆ ನಾನೇ ಬೆರಗಾದೆ.

ಬಿಸಿಲೇರುವ ಹೊತ್ತಿಗೆ ಮಗು ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಮೆಲ್ಲನೆ ಬಿಡಿಸಿದೆ. ಮಗು ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲು ತಟ್ಟಿದೆ. ಆ ಹೊತ್ತಿನಲ್ಲಿ ನನಗೆ ಕೆಲಸ ನೆನಪಿರಲಿಲ್ಲ, ದೀಪಾವಳಿ ನೆನಪಿರಲಿಲ್ಲ, ಗುಮಾಸ್ತರಂತೂ ಇಲ್ಲವೇ ಇಲ್ಲ. ಅಳು, ಅಳು ಎಂದು ಬೇಡಿಕೊಳ್ಳುತ್ತಿದ್ದೆ. ಮಗು ಮುಖ ಕಿವಿಚಿತು, ಆಮೇಲೆ ಆಸ್ಪತ್ರೆಗೆಲ್ಲ ಕೇಳುವ ಹಾಗೆ ಕಿರುಚಿತು. ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

ದಿನ ತುಂಬಿತೆಂದು ಹಿಂದಿನ ದಿನವೇ ಬಂದು ಹೊರಗೆ ಕೂತಿದ್ದ ಸಿದ್ದಮ್ಮ ಒಳಗೆ ಬಂದು ಮಗುವನ್ನು ನೋಡಿದರು. “ಹೆಣ್ಣಾ? ಆಗ್ಲಿ ಬುಡು. ಇವ್ಳಿಗೆ ಹುಟ್ಟುತ್ಲೇ ಅಜ್ಜಿ ಮನೆ ಐತೆ, ಅವ್ಳವ್ವನಂಗಲ್ಲ.”

ಕೆಲಸ ಕಾಯಂ ಆಯಿತು. ಸೋದರಮಾವನಿಗೆ ಅಮ್ಮನೇ ಕಾರ್ಡು ಬರೆಸಿದರು. ಗುಮಾಸ್ತರಿಗೆ ಆ ವರ್ಷವೇ ಬೇರೆ ಕಡೆ ಮದುವೆಯಾಯಿತೆಂದು ಕೇಳಿ ನಾನು ಮನಸಾರೆ ಹರಸಿದೆ. ಎರಡನೆಯ ಮಂಚಕ್ಕೂ ಜನ ಬಂದರು. ಬರುವವರೆಲ್ಲ ಮೊದಲು ಕರೆ ನಿರೀಕ್ಷಿಸುತ್ತಿದ್ದರು. ಹಾಗಾಗಿ ನಾನು ಹಳ್ಳಿಗೆ ಹೊರಟಾಗಲೆಲ್ಲ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, “ಥರ್ಮಾಮೀಟರ್ ಇಟ್ಕೊಂಡ್ರಾ? ಕಣ ಇಟ್ಕೊಂಡ್ರಾ?” ಎಂದು ಕೇಳುತ್ತಿದ್ದರು. ಹಾಗೆ ಕರೆಸಿಕೊಂಡವರೆಲ್ಲ ಹೆತ್ತು, ಮಗುವನ್ನು ಎತ್ತಿಕೊಂಡು, ತಮ್ಮ ತಮ್ಮ ತವರಿಗೆ ಹೋದರು. ರಂಗಮ್ಮನಿಗೆ ಹೋಗಲು ಬೇರೆ ತವರಿರಲಿಲ್ಲ.

ಬಾಣಂತನ ಮುಗಿದು ಗಾಡಿ ಹೂಡಿದ ದಿನ ಅವಳು ಅತ್ತಳು. ನಾನು ಇನ್ನೂ ಹೆಚ್ಚು ಅತ್ತೆ. ಸಿದ್ದಮ್ಮ ಗಾಡಿ ಹತ್ತುವ ಮೊದಲು ನನ್ನ ಗಲ್ಲ ಹಿಡಿದು ಹೇಳಿದರು: “ಒಂದ್ಸಲ ಕರುದ್ರೆ ಮುಗೀಲಿಲ್ಲ ಕಣವ್ವ. ತವರು ಅಂದ್ಮ್ಯಾಕೆ ಕರೀತಾನೇ ಇರ್ಬೇಕು.”

ಆಗಲಿ ಎಂದೆ. ಆಮೇಲೆ ವರ್ಗಗಳು ಶುರುವಾದವು, ಶಿರಾ, ಪಾವಗಡ, ಇನ್ನೂ ದೂರ, ಕೊನೆಗೆ ಮೈಸೂರು. ಅಮ್ಮ ಹೋದರು, ಅಣ್ಣನೂ ಹೋದ. ಗೌರಿ ಹಬ್ಬಕ್ಕೆ ಅಂಚೆಯಲ್ಲಿ ಹಸಿರು ಕಣ ಕಳಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ಕಣ ಕಳಿಸಿದರೆ ಆಯಿತೆಂದು ನಾನು ತಿಳಿದಿದ್ದೆ. ಕರೆಯುವುದು ಎಂದರೆ ಹೋಗಿ ಕರೆಯುವುದು ಎಂದು ನನಗೆ ಹೊಳೆದದ್ದು ಮೊನ್ನೆ, ಆ ಅಂಗಡಿಯಲ್ಲಿ, ಬಾಯಿ ತೆರೆದುಕೊಂಡು ನಿಂತಿದ್ದಾಗ.

ಪಾಪ, ಅವರು ಇನ್ನೂ ಕತ್ತರಿ ಹಿಡಿದೇ ಇದ್ದರು.

“ಮಗಳಿಗೆ” ಎಂದೆ.

“ಮಗಳು ದಪ್ಪಾನಾ, ತೆಳ್ಳಗಾ? ವಯಸ್ಸೆಷ್ಟಮ್ಮ?”

“ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೊಮ್ಮಕ್ಕಳಿದ್ದಾರೆ. ಧಾರಾಳವಾಗೇ ಕತ್ತರಿಸಿ.”

ಅವರು ನನ್ನನ್ನೊಮ್ಮೆ ನೋಡಿದರು, ಬಟ್ಟೆಯನ್ನೊಮ್ಮೆ ನೋಡಿದರು, ಕತ್ತರಿಸಿದರು. “ಅಂಚೆಗೆ ಹಾಕೋಕೆ ಕಾಗದ ಸುತ್ತಿ ಕಟ್ಟಿಕೊಡಬೇಕು ಅಂತ ಮಾವ ಹೇಳಿದ್ರು” ಎಂದು ದಾರದ ಉಂಡೆ ಹುಡುಕಿದರು.

“ಬೇಡ, ಹಾಗೇ ಕೊಡಿ. ಈ ಸಲ ನಾನೇ ಹೋಗಿ ಅವಳನ್ನ ಕರ್ಕೊಂಡು ಬರ್ತೀನಿ.”

ಕಣವನ್ನು ಚೀಲಕ್ಕೆ ಹಾಕಿಕೊಂಡು, ಅಲ್ಲಿಂದ ತೆಂಗಿನಕಾಯಿ ಅಂಗಡಿಗೆ ಹೋದೆ.